ಏಳು ಪದರಗಳ ಪಾಠ, ನಾಲ್ಕು ಪದರಗಳ ಜಾಲ

ಕಂಪ್ಯೂಟರ್ ಪುಸ್ತಕದಲ್ಲಿ ಬರುವ ‘ಓಎಸ್‌ಐ ಮಾದರಿಯ ಏಳು ಪದರಗಳು’ ನಿಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿರಬಹುದು. ಆದರೆ ನಾವು ಬಳಸುವ ಅಂತರಜಾಲವನ್ನು ಆ ಏಳು ಪದರಗಳ ನಕ್ಷೆ ನೋಡಿ ಕಟ್ಟಿದ್ದಲ್ಲ. ಈ ಇತಿಹಾಸ ತಿಳಿದರೆ ಪಾಠದ ಅರ್ಧ ಗೊಂದಲ ತೀರುತ್ತದೆ.

ಕಂಪ್ಯೂಟರ್‌ಗಳು ಪರಸ್ಪರ ವ್ಯವಹರಿಸಲು ಒಪ್ಪಿಕೊಂಡ ನಿಯಮಗಳೇ ಪ್ರೋಟೋಕಾಲ್. ಈ ಕೆಲಸವನ್ನು ಪದರಗಳಾಗಿ ಹಂಚುತ್ತಾರೆ. ಪತ್ರ ಬರೆಯುವವರಿಗೆ ಅಂಚೆಚೀಲ ಬಸ್ಸಿನಲ್ಲಿ ಹೋಯಿತೋ ರೈಲಿನಲ್ಲೋ ಎಂಬ ಚಿಂತೆಯಿಲ್ಲ. ಚೀಲ ಹೊರುವವರಿಗೆ ಪತ್ರದೊಳಗಿನ ಸುದ್ದಿ ಬೇಕಿಲ್ಲ. ಪದರವೆಂದರೆ ಇಷ್ಟೇ.

1974ರಲ್ಲಿ ಅಮೆರಿಕದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಬೇರೆ ಬೇರೆ ಜಾಲಗಳನ್ನು ಬೆಸೆಯುವ ವಿಧಾನವನ್ನು ಪ್ರಕಟಿಸಿದರು. ಆಗ ಎಲ್ಲ ಹೊಣೆಯೂ ಟಿಸಿಪಿ ಎಂಬ ಒಂದೇ ಪ್ರೋಟೋಕಾಲ್‌ನ ಮೇಲಿತ್ತು. 1978ರಲ್ಲಿ ಅದನ್ನು ಎರಡಾಗಿ ಒಡೆದರು. ವಿಳಾಸ ನೋಡಿ ಮಾಹಿತಿಯ ಪೊಟ್ಟಣವನ್ನು ಮುಂದೆ ಸಾಗಿಸುವುದು ಐಪಿಯ ಪಾಲಿಗೆ ಬಂತು. ಕಳೆದುಹೋದದ್ದನ್ನು ಮತ್ತೆ ಕಳುಹಿಸಿ, ಕ್ರಮವಾಗಿ ಒಪ್ಪಿಸುವುದು ಟಿಸಿಪಿಯ ಪಾಲಿಗೆ ಉಳಿಯಿತು. ಜಾಲದ ಮೂಲಕ ಧ್ವನಿ ಕಳುಹಿಸುವ ಪ್ರಯೋಗಗಳು ಇದಕ್ಕೊಂದು ಮುಖ್ಯ ಕಾರಣ. ಮಾತಿನ ನಡುವೆ ಒಂದು ತುಣುಕು ಕಳೆದರೆ ಸಹಿಸಬಹುದು. ಅದನ್ನು ಮತ್ತೆ ತರಿಸಲು ಮಾತೇ ನಿಂತರೆ ಹೇಗೆ? ಗಮನಿಸಿ, ಇಲ್ಲಿ ಪದರ ಹುಟ್ಟಿದ್ದು ಅಗತ್ಯದಿಂದ. 1983ರ ಜನವರಿ 1ರಂದು ಅರ್ಪಾನೆಟ್ ಜಾಲ ಟಿಸಿಪಿ/ಐಪಿಗೆ ಬದಲಾಯಿತು.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಓ ತನ್ನ ಮಾದರಿಯ ಕೆಲಸ ಆರಂಭಿಸಿದ್ದು 1977ರಲ್ಲಿ, ಪ್ರಕಟಿಸಿದ್ದು 1984ರಲ್ಲಿ. ಸಮಿತಿಗಳು ಚರ್ಚಿಸುತ್ತಿರುವಾಗಲೇ ಟಿಸಿಪಿ/ಐಪಿ ಬರ್ಕ್ಲಿ ಯುನಿಕ್ಸ್‌ನ ಜೊತೆ ವಿಶ್ವವಿದ್ಯಾಲಯಗಳನ್ನು ಸೇರಿತ್ತು. 1990ರಲ್ಲಿ ಅಮೆರಿಕ ಸರ್ಕಾರ ತನ್ನ ಇಲಾಖೆಗಳಿಗೆ ಓಎಸ್‌ಐಯನ್ನೇ ಕಡ್ಡಾಯ ಮಾಡಿತು, 1995ರಲ್ಲಿ ಕೈಬಿಟ್ಟಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿದ್ದ, 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲೂ ಎರಡೂ ಬಗೆಯ ಪ್ರೋಟೋಕಾಲ್‌ಗಳಿದ್ದವು. ಅಲ್ಲಿಯೂ ಕೊನೆಗೆ ಉಳಿದದ್ದು ಟಿಸಿಪಿ/ಐಪಿ.

1989ರಲ್ಲಿ ಅಂತರಜಾಲದ ತಜ್ಞರು ತಮ್ಮ ಪದರಗಳನ್ನು ನಾಲ್ಕೆಂದು ಬರೆದಿಟ್ಟರು: ಲಿಂಕ್, ಇಂಟರ್ನೆಟ್, ಟ್ರಾನ್ಸ್‌ಪೋರ್ಟ್, ಅಪ್ಲಿಕೇಶನ್. ಓಎಸ್‌ಐಯ ಸೆಷನ್ ಮತ್ತು ಪ್ರೆಸೆಂಟೇಶನ್ ಪದರಗಳಿಗೆ ಇಲ್ಲಿ ಪ್ರತ್ಯೇಕ ಜಾಗವಿಲ್ಲ. ಆ ಕೆಲಸ ಬೇಕಾದರೆ ಅಪ್ಲಿಕೇಶನ್ನೇ ಮಾಡಿಕೊಳ್ಳಬೇಕು. ಬ್ಯಾಂಕಿನ ವ್ಯವಹಾರವನ್ನು ಗುಪ್ತವಾಗಿಡುವ ಟಿಎಲ್‌ಎಸ್ ಏಳರಲ್ಲಿ ಎಷ್ಟನೆಯದು ಎಂದು ಕೇಳಿದರೆ ಪುಸ್ತಕಕ್ಕೊಂದು ಉತ್ತರ ಸಿಗುತ್ತದೆ. ಬಲವಂತವಾಗಿ ಹೊಂದಿಸಿದರೆ ಹೀಗೇ ಆಗುವುದು.

ಹಾಗೆಂದು ಓಎಸ್‌ಐ ವ್ಯರ್ಥವಾಗಲಿಲ್ಲ. ಎಂಜಿನಿಯರುಗಳು ಇಂದಿಗೂ ‘ಲೇಯರ್ 2’, ‘ಲೇಯರ್ 3’ ಎಂದು ಅದರ ಸಂಖ್ಯೆಗಳಲ್ಲೇ ಮಾತನಾಡುತ್ತಾರೆ. ಪರೀಕ್ಷೆಯಲ್ಲಿ ಓಎಸ್‌ಐ ಎಂದು ಕೇಳಿದರೆ ಏಳನ್ನೂ ಬರೆಯಿರಿ. ಟಿಸಿಪಿ/ಐಪಿ ಎಂದಿದ್ದರೆ ನಾಲ್ಕು. ಕೆಲವು ಪುಸ್ತಕಗಳು ಫಿಸಿಕಲ್ ಪದರವನ್ನು ಬೇರ್ಪಡಿಸಿ ಐದು ಎನ್ನುತ್ತವೆ, ಅದೂ ತಪ್ಪಲ್ಲ.