ಸ್ಟಾರ್ ಲೇಬಲ್: ಅಂಗಡಿಯಲ್ಲೇ ಕರೆಂಟ್ ಬಿಲ್ಲಿನ ಲೆಕ್ಕ

ಫ್ಯಾನ್, ಫ್ರಿಜ್ ಕೊಳ್ಳುವಾಗ ನಾವು ಮೊದಲು ಕೇಳುವುದು ಬೆಲೆ. ಮುಂದೆ ವರ್ಷಗಟ್ಟಲೆ ಕಟ್ಟಬೇಕಾದ ಕರೆಂಟ್ ಬಿಲ್ ಆಗ ನೆನಪಿಗೆ ಬರುವುದಿಲ್ಲ. ಗ್ರಾಹಕರ ಈ ಸ್ವಭಾವವನ್ನು ಅರಿತು ರೂಪಿಸಿದ ನಿಯಮವೇ ಸ್ಟಾರ್ ಲೇಬಲ್.

ಹಿನ್ನೆಲೆ

2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ (ಬಿಇಇ) ಸ್ಥಾಪಿಸಿತು. ಬ್ಯೂರೋ 2006ರಲ್ಲಿ ಸ್ಟಾರ್ ಲೇಬಲ್ ಯೋಜನೆ ಆರಂಭಿಸಿತು. ಸೀಲಿಂಗ್ ಫ್ಯಾನಿಗೆ ಇದು 2023ರ ಜನವರಿಯಿಂದ ಕಡ್ಡಾಯ. ಲೇಬಲ್ ಹಚ್ಚುವ ಹೊಣೆ ತಯಾರಕರದ್ದು. ಒಂದು ಸ್ಟಾರಿನದ್ದು ಬೇಕೋ ಐದು ಸ್ಟಾರಿನದ್ದು ಬೇಕೋ ಎಂಬುದು ಗ್ರಾಹಕರ ಇಷ್ಟ.

ಓದುವುದು ಹೇಗೆ?

* ಸ್ಟಾರ್ ಹೆಚ್ಚಿದಷ್ಟೂ ವಿದ್ಯುತ್ ಉಳಿತಾಯ ಹೆಚ್ಚು.
* ಲೇಬಲ್ಲಿನ ವರ್ಷವನ್ನು ನೋಡಿ. ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ಐದು ಸ್ಟಾರ್ ಇಂದಿನ ಐದು ಸ್ಟಾರಿಗೆ ಸಮವಲ್ಲ.
* ಫ್ರಿಜ್ ಮತ್ತು ಎ.ಸಿ. ಲೇಬಲ್ಲಿನಲ್ಲಿ ವರ್ಷದ ಯೂನಿಟ್ ಬಳಕೆ ಇರುತ್ತದೆ. ಒಂದೇ ಗಾತ್ರದ ಎರಡನ್ನು ಹೋಲಿಸಿ. ಎ.ಸಿ.ಯ ಲೆಕ್ಕ ವರ್ಷಕ್ಕೆ 1,600 ಗಂಟೆಗಳದ್ದು.

ಫ್ಯಾನಿನ ಉದಾಹರಣೆ

75 ವಾಟಿನ ಹಳೆಯ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 274 ಯೂನಿಟ್ ಬೇಕು. 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 110 ಯೂನಿಟ್ ಸಾಕು. ಉಳಿತಾಯ 164 ಯೂನಿಟ್. ಇದನ್ನು ನಿಮ್ಮೂರಿನ ಯೂನಿಟ್ ದರದಿಂದ ಗುಣಿಸಿ, ಬೆಲೆಯ ವ್ಯತ್ಯಾಸದೊಂದಿಗೆ ಹೋಲಿಸಿದರೆ ಎಷ್ಟು ವರ್ಷದಲ್ಲಿ ಹಣ ಹುಟ್ಟುತ್ತದೆ ಎಂದು ತಿಳಿಯುತ್ತದೆ.

24 ಡಿಗ್ರಿಯ ನಿಯಮ

ಯಂತ್ರದಲ್ಲಿ ಮೊದಲೇ ಇಟ್ಟದ್ದನ್ನು ಬಹಳ ಮಂದಿ ಬದಲಿಸುವುದಿಲ್ಲ. ಆದ್ದರಿಂದ 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ಕೋಣೆಯ ಎ.ಸಿ.ಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂದು ನಿಯಮವಾಯಿತು. ಬೇಕಾದವರು ರಿಮೋಟಿನಲ್ಲಿ ಬದಲಿಸಬಹುದು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಬ್ಯೂರೋ.

ಗಡಿನಾಡಿನವರಿಗೆ

ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ಕೊಂಡರೂ ಲೇಬಲ್ ಒಂದೇ. ಕರೆಂಟಿನ ದರ ಮಾತ್ರ ಮನೆಯಿರುವ ರಾಜ್ಯದ್ದು. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಗಳಲ್ಲಿ ಬಳಕೆ ಏರಿದಂತೆ ಯೂನಿಟ್ ದರವೂ ಏರುತ್ತದೆ. ಆದ್ದರಿಂದ ಹೆಚ್ಚು ಬಳಸುವ ಮನೆಗೆ ಉಳಿಸಿದ ಪ್ರತಿ ಯೂನಿಟ್ಟಿನ ಲಾಭವೂ ಹೆಚ್ಚು. ಅಂಗಡಿಗೆ ಹೋಗುವಾಗ ಹಳೆಯ ಬಿಲ್ಲೊಂದನ್ನು ಜೊತೆಗಿಟ್ಟುಕೊಳ್ಳಿ.