ಎಂಟು ಗಂಟೆಯ ಮುಂಬಯಿ

ಕ್ರೂಸ್ ಹಡಗಿನಲ್ಲಿ ಬಂದು ಬಲ್ಲಾರ್ಡ್ ಪಿಯರಿನಲ್ಲಿ ಇಳಿಯುವವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಹಗಲು. ಸಂಜೆ ತಡವಾದರೆ ಹಡಗು ಕಾಯುವುದಿಲ್ಲ. ಪರಿಚಿತರು ಏನು ನೋಡಬೇಕೆಂದು ಕೇಳಿದರೆ ನಾನು ಆಫೀಸಿನ ರೂಢಿಯಂತೆ ಹಡಗು ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತೇನೆ. ಎರಡು ಗಂಟೆ ಮೀಸಲಿಟ್ಟರೆ ಉಳಿಯುವುದು ಆರೇ ಗಂಟೆ.

ಈ ಬಂದರಿಗೆ ಅವಸರ ಹೊಸದಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಮೆಡಿಟರೇನಿಯನ್ ದಾಟಿ ಬರುವವರಿಗೆ ಮುಂಬಯಿಯೇ ಭಾರತದ ಹೆಬ್ಬಾಗಿಲಾಯಿತು. ಆದರೆ ಅನೇಕ ಸಾಹೇಬರಿಗೆ ಊರು ನೋಡುವುದಕ್ಕಿಂತ ದಾಟಿ ಹೋಗುವುದೇ ಮುಖ್ಯವಾಗಿತ್ತು. ಅವರಿಗಾಗಿ ಬಲ್ಲಾರ್ಡ್ ಪಿಯರಿನಲ್ಲೇ ರೈಲು ನಿಲ್ದಾಣವಿತ್ತು. 1928ರಲ್ಲಿ ಶುರುವಾದ ಫ್ರಂಟಿಯರ್ ಮೇಲ್, ವರ್ಷದ ಕೆಲವು ತಿಂಗಳುಗಳಲ್ಲಿ ಹಡಗಿನ ಪ್ರಯಾಣಿಕರನ್ನೂ ಟಪಾಲನ್ನೂ ಅಲ್ಲಿಂದಲೇ ಹತ್ತಿಸಿಕೊಂಡು ದೆಹಲಿಯ ಮೂಲಕ ಪೇಶಾವರಕ್ಕೆ ಹೊರಡುತ್ತಿತ್ತು.

ಇದೇ ಊರಿಗೆ ಮಂಗಳೂರಿನ ಕಡೆಯಿಂದ ಕರಾವಳಿಯ ಹಡಗುಗಳೂ ಬರುತ್ತಿದ್ದವು. ಅವುಗಳಿಂದ ಇಳಿದ ನಮ್ಮವರಿಗಾಗಿ ಯಾವ ರೈಲೂ ಕಾದು ನಿಂತಿರಲಿಲ್ಲ. ಸಂಜೆ ಮರಳುವ ಮಾತೂ ಇರಲಿಲ್ಲ. ಊರವರೊಬ್ಬರ ವಿಳಾಸ ಹಿಡಿದು ಹೋಟೆಲು, ಕ್ಯಾಂಟೀನು ಸೇರಿದರು. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮುಂಬಯಿ ಕನ್ನಡಿಗರ ಇತಿಹಾಸದ ಒಂದು ದೊಡ್ಡ ಭಾಗ ಹೀಗೆ ಶುರುವಾಯಿತು.

ಇನ್ನೂ ಹಿಂದೆ ಹೋದರೆ ಕನ್ನಡ ನಾಡಿನ ದೊರೆಯೇ ಈ ಕಡಲಿಗೆ ಬಂದಿದ್ದ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಿಂದ ಪುರಿ ಎಂಬ ಪಟ್ಟಣವನ್ನು ಮುತ್ತಿದ್ದನ್ನು ವರ್ಣಿಸುತ್ತಾನೆ. ಆ ಪುರಿ ಇಂದಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಅಲ್ಲಿನ ಶಿವನ ಗುಹೆಯನ್ನು ಸಾಮಾನ್ಯವಾಗಿ ಆರನೆಯ ಶತಮಾನದ್ದೆನ್ನುತ್ತಾರೆ. ಹಾಗಿದ್ದರೆ ಪುಲಕೇಶಿಯ ಕಾಲಕ್ಕೇ ಆ ಮೂರು ಮುಖದ ಸದಾಶಿವ ಅಲ್ಲಿದ್ದ.

ಹೀಗಾಗಿ ನನ್ನ ಆರು ಗಂಟೆಯ ಯೋಜನೆಯಲ್ಲಿ ಮೊದಲ ಸ್ಥಾನ ಘಾರಾಪುರಿಗೆ. ಗೇಟ್‌ವೇಯಿಂದ ದೋಣಿಗೆ ಹೋಗಲೊಂದು ಗಂಟೆ, ಬರಲೊಂದು ಗಂಟೆ. ಮೆಟ್ಟಿಲು ಹತ್ತಿ ಗುಹೆ ನೋಡಲು ಎರಡು. ಸೋಮವಾರ ಗುಹೆಗೆ ರಜೆ, ಮಳೆಗಾಲದಲ್ಲಿ ದೋಣಿಯ ಭರವಸೆಯಿಲ್ಲ. ಅಂಥ ದಿನ ಗೇಟ್‌ವೇ, ವಸ್ತುಸಂಗ್ರಹಾಲಯ, ಸಿಎಸ್‌ಎಂಟಿ ಸಾಕು.

ಎರಡರಲ್ಲಿ ಯಾವುದಾದರೂ ಸರಿ, ಹಡಗಿಗೆ ಮರಳುವ ಮುನ್ನ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅರ್ಧ ಗಂಟೆ ಕೂತು ಇಡ್ಲಿ, ಕಾಫಿ ಮುಗಿಸಿ ಎನ್ನುತ್ತೇನೆ. ಈ ಬಂದರು ಕಂಡ ಕನ್ನಡಿಗರಲ್ಲಿ ಮುತ್ತಿಗೆ ಹಾಕಿದವನ ಹೆಸರು ಕಲ್ಲಿನ ಮೇಲಿದೆ. ತಟ್ಟೆ ತೊಳೆದು ಊರು ಕಟ್ಟಿದವರ ಗುರುತು ಸಿಗುವುದು ಇಂಥಲ್ಲೇ.