ಆಫ್ರಿಕಾದಿಂದ ಧಾರವಾಡದ ಎರೆಹೊಲದವರೆಗೆ

1940ರ ದಶಕದ ಆರಂಭದಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ನೈರೋಬಿಯಲ್ಲಿ ಹುಟ್ಟಿದ ತರುಣನೊಬ್ಬ ಎರಡು ವರ್ಷ ವಿಜ್ಞಾನ ಓದಿದ. ಹೆಸರು ಪಿಯೋ ಗಾಮಾ ಪಿಂಟೊ. ಗೋವಾ ಮೂಲದ ಮನೆತನ. ಎಂಟನೆಯ ವಯಸ್ಸಿಗೆ ಓದಲೆಂದು ಭಾರತಕ್ಕೆ ಬಂದಿದ್ದ. ಧಾರವಾಡ ಬಿಟ್ಟ ಮೇಲೆ ವಾಯುಪಡೆ ಸೇರಿದ, ಮುಂಬಯಿಯಲ್ಲಿ ಅಂಚೆ ತಂತಿ ಇಲಾಖೆಯಲ್ಲಿ ದುಡಿದ, ಗೋವಾ ವಿಮೋಚನೆಯ ಚಳವಳಿಗೆ ಬಿದ್ದ. ಕೊನೆಗೆ ಕೀನ್ಯಾಕ್ಕೆ ಮರಳಿ ಅಲ್ಲಿಯ ಸ್ವಾತಂತ್ರ್ಯ ಹೋರಾಟದ ಮುಂಚೂಣಿಯಲ್ಲಿ ನಿಂತ. ಬ್ರಿಟಿಷರು ವರ್ಷಗಟ್ಟಲೆ ಬಂಧನದಲ್ಲಿಟ್ಟರು. ದೇಶ ಸ್ವತಂತ್ರವಾದ ಮೇಲೆ, 1965ರ ಫೆಬ್ರುವರಿ 24ರಂದು, ನೈರೋಬಿಯ ಸ್ವಂತ ಮನೆಯ ಮುಂದೆಯೇ ಅವನನ್ನು ಗುಂಡಿಟ್ಟು ಕೊಂದರು.

ಪಿಂಟೊನ ಗೆಳೆಯ ಜೋಸೆಫ್ ಮುರುಂಬಿಯ ಕತೆಯೂ ಕರ್ನಾಟಕಕ್ಕೆ ತಾಗಿದ್ದೇ. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ ಜನಾಂಗದವಳು. ಹುಡುಗ ಓದಿದ್ದು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಆಮೇಲೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಸ್ ಶಾಲೆಯಲ್ಲಿ. ಮುಂದೆ ಕೀನ್ಯಾದ ವಿದೇಶಾಂಗ ಮಂತ್ರಿಯಾದ, 1966ರಲ್ಲಿ ಉಪರಾಷ್ಟ್ರಪತಿಯಾದ. ಧಾರವಾಡದಲ್ಲಿ, ಬಳ್ಳಾರಿಯಲ್ಲಿ ಇವರ ಹೆಸರು ಹೇಳುವವರು ವಿರಳ. ಹೇಳಬೇಕು ಎಂದು ನನಗೆ ಅನಿಸುತ್ತದೆ.

ಇಬ್ಬರಿಗೂ ಯಾವ ಸರ್ಕಾರದ ವಿದ್ಯಾರ್ಥಿವೇತನವೂ ಇರಲಿಲ್ಲ. ಮನೆಯವರು ಹಡಗಿನ ದುಡ್ಡು ಕೊಟ್ಟು ಕಳಿಸಿದರು, ಗೋವಾದ ನಂಟು ದಾರಿ ತೋರಿಸಿತು. ಅದೇ ಕಾಲದ ಕಿಕುಯು ಅಥವಾ ಲುವೊ ರೈತನ ಮಗನಿಗೆ ಅಂಥ ದಾರಿಯೇ ಇರಲಿಲ್ಲ. ಪೂರ್ವ ಆಫ್ರಿಕಾಕ್ಕೆಲ್ಲ ಸೇರಿ ಉನ್ನತ ಶಿಕ್ಷಣಕ್ಕೆ ಉಗಾಂಡದ ಮಕೆರೆರೆ ಒಂದೇ ಆಸರೆ, ಅಲ್ಲಿಯ ಸೀಟು ಬೆರಳೆಣಿಕೆಯಷ್ಟು. ದುಡ್ಡಿಲ್ಲದವನೂ ಸಮುದ್ರ ದಾಟಿ ಓದುವಂತಾದದ್ದು ವಿದ್ಯಾರ್ಥಿವೇತನ ಬಂದ ಮೇಲೆ.

ಭಾರತ ಸರ್ಕಾರ 1949ರಲ್ಲಿ ಸಾಮಾನ್ಯ ಸಾಂಸ್ಕೃತಿಕ ವಿದ್ಯಾರ್ಥಿವೇತನ ಯೋಜನೆ ತಂದಿತು. ಮರುವರ್ಷ ಮೌಲಾನಾ ಆಜಾದರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ಐಸಿಸಿಆರ್ ಎಂದು ಕರೆಯುವ ಈ ಪರಿಷತ್ತೇ ಇಂದಿಗೂ ವಿದೇಶಿ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವ ಬಾಗಿಲು. ಆ ದಿನಗಳಲ್ಲಿ ನೈರೋಬಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಔಂಧ್ ರಾಜಮನೆತನದ ಅಪ್ಪಾಸಾಹೇಬ ಪಂತ. ಔಂಧ್ ಸಂಸ್ಥಾನದ ಗುಣದಾಳ ತಾಲೂಕು ವಿಜಯಪುರ ಸೀಮೆಯಲ್ಲೇ ಇತ್ತು, ಹಾಗಾಗಿ ಕನ್ನಡದ ನೆಲ ಅವರಿಗೆ ಹೊಸದಲ್ಲ. ಆಫ್ರಿಕನ್ ಮುಖಂಡರೊಡನೆ ಅವರು ಬೆಳೆಸಿದ ಸ್ನೇಹ ಬ್ರಿಟಿಷ್ ಅಧಿಕಾರಿಗಳಿಗೆ ಸಹಿಸಲಾಗಲಿಲ್ಲ. ಆದರೆ ಭಾರತಕ್ಕೆ ಓದಲು ಬರುವ ಆಫ್ರಿಕನ್ ತರುಣರಿಗೆ ಆ ಸ್ನೇಹವೇ ಬುನಾದಿಯಾಯಿತು. ನೈರೋಬಿಯ ಭಾರತೀಯರು ಗಾಂಧಿ ಸ್ಮಾರಕಕ್ಕೆಂದು ಕೂಡಿಸಿದ ಹಣ ಅಲ್ಲಿಯ ರಾಯಲ್ ಟೆಕ್ನಿಕಲ್ ಕಾಲೇಜಿಗೆ ಸೇರಿತು, ಅದೇ ಬೆಳೆದು ಈಗಿನ ನೈರೋಬಿ ವಿಶ್ವವಿದ್ಯಾಲಯವಾಯಿತು.

ಸುಮಾರು ಹತ್ತು ವರ್ಷದಲ್ಲಿ ಉಳಿದ ದೇಶಗಳೂ ಪೈಪೋಟಿಗೆ ಇಳಿದವು. 1959ರಲ್ಲಿ ಕೀನ್ಯಾದ ಕಾರ್ಮಿಕ ಮುಖಂಡ ಟಾಮ್ ಎಂಬೋಯ ಅಲ್ಲಿಯ 81 ವಿದ್ಯಾರ್ಥಿಗಳನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಿದ. ಮರುವರ್ಷ ಅದೇ ವ್ಯವಸ್ಥೆಯಲ್ಲಿ ಹೋದವರಲ್ಲಿ ವಂಗಾರಿ ಮಾತಾಯಿ ಇದ್ದರು, ಮುಂದೆ ಮರ ನೆಟ್ಟು ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಮಾಸ್ಕೊದಲ್ಲಿ 1960ರಲ್ಲಿ ಜನಮೈತ್ರಿ ವಿಶ್ವವಿದ್ಯಾಲಯ ಎದ್ದು, ಮರುವರ್ಷ ಕಾಂಗೋದ ನಾಯಕ ಲುಮುಂಬಾ ಹೆಸರು ಹೊತ್ತಿತು. ಬ್ರಿಟನ್ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ತಂದಿತು. ಶೀತಲ ಸಮರದ ಎರಡೂ ಬಣಗಳು ತಮ್ಮ ಕಡೆಯ ನಾಳಿನ ಮಂತ್ರಿಗಳನ್ನು ತಯಾರು ಮಾಡುತ್ತಿದ್ದವು ಎಂದರೆ ತಪ್ಪಾಗದು. ಭಾರತದ ಹತ್ತಿರ ಅವರಷ್ಟು ಹಣ ಇರಲಿಲ್ಲ. ತಾನೂ ಆಗತಾನೇ ಬಿಡುಗಡೆಯಾದ ದೇಶ ಎಂಬುದು ಅದರ ಬಲವಾಗಿತ್ತು.

1964ರಲ್ಲಿ ಐಟೆಕ್ ಎಂಬ ತಾಂತ್ರಿಕ ಸಹಕಾರ ಕಾರ್ಯಕ್ರಮ ಶುರುವಾಯಿತು. ಅದೇ ಹೊತ್ತಿಗೆ ಮಲಾವಿಯಿಂದ ಭಾರತದ ವಿದ್ಯಾರ್ಥಿವೇತನದಲ್ಲಿ ಬಂದ ಬಿಂಗು ವಾ ಮುಥಾರಿಕಾ ದೆಹಲಿಯ ಶ್ರೀರಾಮ್ ಕಾಲೇಜಿನಲ್ಲಿ ವಾಣಿಜ್ಯ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ ಓದಿದರು. 2004ರಲ್ಲಿ ಮಲಾವಿಯ ರಾಷ್ಟ್ರಪತಿಯಾದ ಅವರು, ದಾನಿ ದೇಶಗಳು ಬೇಡವೆಂದರೂ ಸಣ್ಣ ರೈತರಿಗೆ ರಸಗೊಬ್ಬರ ಮತ್ತು ಗೋವಿನಜೋಳದ ಬೀಜಕ್ಕೆ ಸಹಾಯಧನ ಕೊಟ್ಟರು. ಬರದಿಂದ ಕಂಗೆಟ್ಟಿದ್ದ ದೇಶ ಒಂದೆರಡು ವರ್ಷದಲ್ಲೇ ಕಾಳನ್ನು ಹೊರಗೆ ಮಾರಿತು. ಆ ನೀತಿಯ ಖರ್ಚಿನ ಬಗ್ಗೆ ತಕರಾರುಗಳಿವೆ, ಅವರ ಕೊನೆಯ ವರ್ಷಗಳ ಆಡಳಿತದ ಬಗ್ಗೆ ಇನ್ನೂ ಹೆಚ್ಚಿವೆ. ಆದರೂ ಸಹಾಯಧನದ ಗೊಬ್ಬರಕ್ಕಾಗಿ ಸೊಸೈಟಿಯ ಮುಂದೆ ಸರದಿ ನಿಂತು ಗೊತ್ತಿರುವ ನಮ್ಮ ಕಡೆಯ ರೈತರಿಗೆ ಆ ನಿರ್ಧಾರದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಧಾರವಾಡಕ್ಕೆ ಈ ಇತಿಹಾಸ ನಿಜವಾಗಿ ತಾಗುವುದು ಒಕ್ಕಲುತನದ ಓದಿನಲ್ಲಿ. ಇಲ್ಲಿಯ ಕೃಷಿ ಕಾಲೇಜು 1947ರದು. 1986ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಬೇರ್ಪಟ್ಟು ಕೃಷಿ ವಿಶ್ವವಿದ್ಯಾಲಯವಾಯಿತು. ಅದರ ಕೆಲಸದ ದೊಡ್ಡ ಪಾಲು ಎರೆಭೂಮಿಯ ಬೆಳೆಗಳ ಸುತ್ತ: ಬಿಳಿಜೋಳ, ಹತ್ತಿ, ಕಡಲೆ, ಹೆಸರು, ಸದಕ ಗೋಧಿ. ಇವುಗಳಲ್ಲಿ ಜೋಳ ಮೂಲತಃ ಈಶಾನ್ಯ ಆಫ್ರಿಕಾದ್ದು, ಸುಡಾನ್ ಇಥಿಯೋಪಿಯಾ ಕಡೆಯಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಸದಕ ಗೋಧಿ ಇಂದಿಗೂ ಇಥಿಯೋಪಿಯಾದ ಎತ್ತರದ ಹೊಲಗಳಲ್ಲಿ ಬೆಳೆಯುತ್ತದೆ. ಇಲ್ಲಿ ಅದಕ್ಕೆ ಡಿಡಿಕೆ ಹೆಸರಿನ ತಳಿಗಳನ್ನು ಕೊಟ್ಟದ್ದು ಧಾರವಾಡ.

ನವಲಗುಂದ ತಾಲೂಕಿನ ಮೊರಬವನ್ನೇ ತೆಗೆದುಕೊಳ್ಳಿ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಕರಿ ಎರೆ. ಮಳೆ ಬಿದ್ದರೆ ಕಾಲಿಡಲಾಗದಷ್ಟು ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಹಿಂಗಾರಿಯಲ್ಲಿ ಉತ್ತರಿ, ಹಸ್ತ ಮಳೆಯ ತೇವ ಹಿಡಿದು ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ಬೀಳದಿದ್ದರೂ ಮಣ್ಣೊಳಗಿನ ಹಸಿಯ ಮೇಲೇ ಬೆಳೆ ನಿಲ್ಲುತ್ತದೆ. ತಿಂಗಳ ಪೈರಾದಾಗ ಹೆಣ್ಣುಮಕ್ಕಳು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಗಿಡ ಕವಲೊಡೆಯುತ್ತದೆ, ಕುಡಿ ಪಲ್ಯಕ್ಕಾಗುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಎಲೆಯ ಹುಳಿಯನ್ನು ಇಬ್ಬನಿಯೊಡನೆ ಹೀರಿಸಿ ಹಿಂಡಿ ಇಡುವ ರೂಢಿ ಈ ಭಾಗದ್ದು. ಹೊಟ್ಟೆನೋವಿಗೆ ಅದೇ ಔಷಧ.

ಇನ್ನು ಇಥಿಯೋಪಿಯಾ. ಅಲ್ಲಿ ಇಂಥ ಎರೆಮಣ್ಣು ಸುಮಾರು 1.26 ಕೋಟಿ ಹೆಕ್ಟೇರ್ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಳೆ ಇಳಿದ ಮೇಲೆ ಉಳಿದ ತೇವದಲ್ಲಿ ಕಡಲೆ. ಕಡಲೆ ಬೆಳೆಯಲ್ಲಿ ಆಫ್ರಿಕಾಕ್ಕೆಲ್ಲ ಇಥಿಯೋಪಿಯಾವೇ ಮೊದಲು. ಕಡಲೆ ಹಿಟ್ಟು ಕುದಿಸಿ ಮಾಡುವ ಅವರ ಶಿರೋ ನಮ್ಮ ಝುಣಕದ ಹತ್ತಿರದ ನೆಂಟ. 1972ರಲ್ಲಿ ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸ್ಥಾಪನೆಯಾದಾಗ ಈ ಎರಡು ನೆಲಗಳ ನಡುವೆ ಸೇತುವೆ ಬಿತ್ತು. ಎರೆಹೊಲದಲ್ಲಿ ನೀರು ನಿಲ್ಲದಂತೆ ಅಗಲ ಮಡಿ ಮತ್ತು ಬೋದು ಮಾಡುವ ವಿಧಾನ ಅಲ್ಲಿ ಪಳಗಿ, 1980ರ ದಶಕದಲ್ಲಿ ಇಥಿಯೋಪಿಯಾದ ಎತ್ತಿನ ನೇಗಿಲಿಗೆ ಹೊಂದುವ ಉಪಕರಣವಾಗಿ ಅಲ್ಲಿಯ ರೈತರ ಕೈಗೆ ಹೋಯಿತು. 2019ರಲ್ಲಿ ಅಲ್ಲಿ ಬಿಡುಗಡೆಯಾದ ಗೆಲೆಟು ಎಂಬ ಕಡಲೆ ತಳಿ, ನಮ್ಮ ಕಡೆ ಬಹಳ ಬಿತ್ತುವ ಜೆಜಿ-11ಕ್ಕೆ ಬರ ತಡೆಯುವ ಗುಣ ಸೇರಿಸಿ ಮಾಡಿದ್ದು. ಅದೇ ವರ್ಷ, ಅದೇ ಬಗೆಯ ವಂಶವಾಹಿ ಗುರುತಿನ ವಿಧಾನದಿಂದ, ನಮ್ಮ ಹಳೆಯ ಅಣ್ಣಿಗೇರಿ ಕಡಲೆಗೆ ಸಿಡಿರೋಗ ತಡೆಯುವ ಶಕ್ತಿ ಬಂದು ಸೂಪರ್ ಅಣ್ಣಿಗೇರಿ-1 ಆಯಿತು. ಅದರ ಕೆಲಸ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್‌ನದು.

ವಿದ್ಯಾರ್ಥಿವೇತನದಿಂದ ಒಬ್ಬ ಮನುಷ್ಯ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಗೆಬಿಸಾ ಎಜೆಟಾ ಸಾಕ್ಷಿ. ಇಥಿಯೋಪಿಯಾದ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕದ ನೆರವಿನಿಂದ ನಡೆದ ಕೃಷಿ ಶಾಲೆಯಲ್ಲಿ ಓದಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಇಕ್ರಿಸ್ಯಾಟ್ ಪರವಾಗಿ ಸುಡಾನಿನಲ್ಲಿ ದುಡಿದು ಬರ ತಡೆಯುವ ಹೈಬ್ರಿಡ್ ಜೋಳ ಹಗೀನ್ ದುರಾ-1 ಕೊಟ್ಟರು. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯನ್ನು ತಡೆಯುವ ತಳಿಗಳನ್ನೂ ಬೆಳೆಸಿದರು. 2009ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು.

2008ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯ ನಂತರ ಲೆಕ್ಕಗಳು ಜಿಗಿದವು. ಕೃಷಿಗೆಂದೇ ಪ್ರತ್ಯೇಕ ಫೆಲೋಶಿಪ್ ಬಂತು: ವರ್ಷಕ್ಕೆ 75, ಅದರಲ್ಲಿ 50 ಎಂ.ಎಸ್ಸಿ.ಗೆ, 25 ಪಿಎಚ್.ಡಿ.ಗೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇವರನ್ನು ದೇಶದ ಕೃಷಿ ವಿಶ್ವವಿದ್ಯಾಲಯಗಳಿಗೆ ಹಂಚುತ್ತಿತ್ತು. ಐಸಿಸಿಆರ್‌ನ ಆಫ್ರಿಕಾ ವಿದ್ಯಾರ್ಥಿವೇತನಗಳು ವರ್ಷಕ್ಕೆ 900ಕ್ಕೆ ಏರಿದವು. 2015ರ ಮೂರನೆಯ ಶೃಂಗಸಭೆಯಲ್ಲಿ ಐದು ವರ್ಷಕ್ಕೆ 50,000 ಎಂಬ ಘೋಷಣೆ ಬಂತು. ಕಿರು ಅವಧಿಯ ತರಬೇತಿಯೂ ಪೂರ್ಣ ಪದವಿಯೂ ಈ ಒಂದೇ ಅಂಕಿಯೊಳಗೆ ಸೇರಿದ್ದು ನನಗೆ ಸರಿ ಕಾಣುವುದಿಲ್ಲ. ಕೆಲವು ವಾರ ಇದ್ದು ಹೋದ ಅಧಿಕಾರಿ, ಮೂರು ಹಿಂಗಾರಿ ಕಂಡು ಪ್ರಬಂಧ ಬರೆದ ಸಂಶೋಧಕ, ಇಬ್ಬರನ್ನೂ ಒಂದೊಂದು ಎಂದು ಎಣಿಸಿದರೆ ಕೆಲಸದ ಆಳ ತಿಳಿಯುವುದು ಹೇಗೆ?

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2019-20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿದ್ದ 49,348 ವಿದೇಶಿ ವಿದ್ಯಾರ್ಥಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ನಮ್ಮ ರಾಜ್ಯದಲ್ಲಿದ್ದರು. ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಇವರಲ್ಲಿ ಸ್ವಂತ ಖರ್ಚಿನಲ್ಲಿ ಓದುವವರೇ ಬಹಳ. ಐಸಿಸಿಆರ್ ವಿದ್ಯಾರ್ಥಿವೇತನ ಸಿಕ್ಕವರಿಗೆ ಪದವಿಯಲ್ಲಿ ತಿಂಗಳಿಗೆ 18,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000, ಪಿಎಚ್.ಡಿ.ಗೆ 22,000 ಎಂದು 2017ರ ಸುಮಾರಿಗೆ ನಿಗದಿಯಾಯಿತು. ಬಾಡಿಗೆಗೆಂದು ಐದಾರು ಸಾವಿರ ಬೇರೆ. ಬೆಂಗಳೂರಿನಲ್ಲಿ ಇದು ತಾಳೆಯಾಗುವುದು ಕಷ್ಟ, ಧಾರವಾಡದಲ್ಲಿ ಹೇಗೋ ನಡೆಯುತ್ತದೆ. ಬಂದು 14 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ಮನೆ ಬಾಡಿಗೆ ಕೊಟ್ಟವರು 24 ತಾಸಿನಲ್ಲಿ ನಿಗದಿತ ನಮೂನೆ ತುಂಬಬೇಕು. ಈ ಕಾಗದದ ರಗಳೆಯೇ ಬೇಡ ಎಂದು ಮನೆ ಕೊಡದವರಿದ್ದಾರೆ. ಮೈಬಣ್ಣ ನೋಡಿ ಕೊಡದವರೂ ಇದ್ದಾರೆ. ಎರಡನೆಯದಕ್ಕೆ ಕಾಗದದ ನೆಪ ಸಾಲದು.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತ ಮೇಲೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು. ದೇಶ ಬೇರೆ, ಊರು ಬೇರೆ, ಆಳು ಬೇರೆ ಎಂಬುದು ಆ ಗುಂಪಿಗೆ ಬೇಕಾಗಿರಲಿಲ್ಲ. ಇದನ್ನು ಬಿಟ್ಟು ವಿದ್ಯಾರ್ಥಿವೇತನಗಳ ಬೆಳವಣಿಗೆ ಬರೆದರೆ ಅದು ಸುಳ್ಳು ಚರಿತ್ರೆ. ಕಲಘಟಗಿ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಶತಮಾನಗಳಿಂದ ಕನ್ನಡ, ಕೊಂಕಣಿ ಮಾತಾಡುತ್ತ ಬಾಳಿರುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರೇ. ಅವರಿಗೂ ಸ್ವಂತ ನಾಡಿನ ಪೇಟೆಯಲ್ಲಿ ಯಾವ ದೇಶದವರು ಎಂಬ ಪ್ರಶ್ನೆ ತಪ್ಪಿಲ್ಲ.

ಈಚೆಗೆ ವಿದೇಶಿ ವಿದ್ಯಾರ್ಥಿಗಳ ಓದಿನ ದಾರಿ ಮತ್ತೆ ಹೊರಳಿದೆ. ವಿದ್ಯಾರ್ಥಿ ಇಲ್ಲಿಗೆ ಬರುವ ಬದಲು ಓದು ಅಲ್ಲಿಗೆ ಹೋಗುತ್ತಿದೆ. 2019ರಲ್ಲಿ ಶುರುವಾದ ಇ-ವಿದ್ಯಾಭಾರತಿ ಐದು ವರ್ಷದಲ್ಲಿ 15,000 ಆಫ್ರಿಕನ್ನರಿಗೆ ದೂರಶಿಕ್ಷಣ ಕೊಡುವ ಯೋಜನೆಯಾಗಿತ್ತು. 2023ರಲ್ಲಿ ಮದ್ರಾಸ್ ಐಐಟಿ ಜಾಂಜಿಬಾರ್‌ನಲ್ಲಿ ಆವರಣ ತೆರೆಯಿತು. ಲೆಕ್ಕಶಾಸ್ತ್ರಕ್ಕೆ, ಕಂಪ್ಯೂಟರಿಗೆ ಇದು ಒಳ್ಳೆಯದೇ. ಒಕ್ಕಲುತನಕ್ಕೆ ಪರದೆ ಸಾಲದು. ಎರೆಯ ತೇವ ಎಷ್ಟು ಆಳದಲ್ಲಿದೆ ಎಂದು ಮುಷ್ಟಿಯಲ್ಲಿ ಮಣ್ಣು ಹಿಡಿದೇ ತಿಳಿಯಬೇಕು.

ಕೃಷಿ ಫೆಲೋಶಿಪ್ ಮೇಲೆ ಧಾರವಾಡಕ್ಕೆ ಬಂದವರಿಗೂ ಆ ಅವಕಾಶ ಅರ್ಧವೇ ಸಿಗುತ್ತದೆ. ಬಿ.ಎಸ್ಸಿ. ಕೃಷಿಯ ನಮ್ಮ ಹುಡುಗರು ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಹೋಗಿ, ರೈತರ ಜತೆ ತಿಂಗಳುಗಟ್ಟಲೆ ಇರುತ್ತಾರೆ. ಫೆಲೋಶಿಪ್ ಮೇಲೆ ಬರುವ ಆಫ್ರಿಕನ್ನರು ಎಂ.ಎಸ್ಸಿ., ಪಿಎಚ್.ಡಿ. ಮಾಡುವವರು. ಅವರ ಪಠ್ಯದಲ್ಲಿ ಹಳ್ಳಿವಾಸ ಇಲ್ಲ. ಸಂಶೋಧನಾ ಕ್ಷೇತ್ರದ ಮಡಿಗಳು, ಪ್ರಯೋಗಾಲಯ, ಸೆಮಿನಾರು, ಪ್ರಬಂಧ, ಇಷ್ಟರಲ್ಲಿ ಎರಡು ಮೂರು ವರ್ಷ ಮುಗಿಯುತ್ತವೆ. ಬೇಲಿಯೊಳಗಿನ ಮಡಿಯಲ್ಲಿ ಗೊಬ್ಬರ, ಔಷಧ, ಆಳು ಎಲ್ಲವೂ ಹೊತ್ತಿಗೆ ಸಿಗುತ್ತವೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಮುಂಗಾರಿ ಹೆಸರು ಕೊಚ್ಚಿಹೋದ ವರ್ಷ ನವಲಗುಂದದ ರೈತ ಯಾವ ಸಾಲ ಎತ್ತಿ ಹಿಂಗಾರಿ ಕಡಲೆ ಬಿತ್ತುತ್ತಾನೆ ಎಂಬುದು ಅಲ್ಲಿ ಕಾಣಸಿಗದು. ಮರಳಿ ಹೋಗಿ ಅವರು ಎದುರಿಸಬೇಕಾದದ್ದು ಇಂಥ ರೈತನನ್ನೇ.

ಇದನ್ನು ಸರಿಪಡಿಸಲು ಹೊಸ ಶೃಂಗಸಭೆ ಬೇಕಿಲ್ಲ. ಬಿತ್ತನೆ ಅಕ್ಟೋಬರ್‌ಗೆ, ಕಟಾವು ಜನವರಿ ಫೆಬ್ರುವರಿಗೆ. ಒಂದು ಸೆಮಿಸ್ಟರಿನ ಅಳತೆಗೆ ಸರಿಯಾಗಿ ಕೂಡುವ ಬೆಳೆ ಕಡಲೆ. ಎರಡನೆಯ ವರ್ಷದ ಹಿಂಗಾರಿಯನ್ನು ಫೆಲೋ ಮೊರಬದಂಥ ಊರಿನಲ್ಲಿ ಕಳೆಯಲಿ. ಜತೆಗೆ ಕನ್ನಡ ಬಲ್ಲ ಒಬ್ಬ ಸಹಪಾಠಿ ಇರಲಿ. ಮೊದಲ ಸೆಮಿಸ್ಟರಿನಲ್ಲೇ ಹೊಲದ ಮಾತಿಗೆ ಸಾಲುವಷ್ಟು ಕನ್ನಡ ಕಲಿಸಲಿ. ಬಿತ್ತಿದ ದಿನದಿಂದ ರಾಶಿಯವರೆಗೆ ರೈತನ ಖರ್ಚು, ಮಣ್ಣಿನ ತೇವ, ರೋಗ, ಕೂಲಿ, ಪೇಟೆಯ ದರ ಎಲ್ಲವನ್ನೂ ಫೆಲೋ ತಾನೇ ಬರೆದಿಡಲಿ. ಪ್ರಬಂಧಕ್ಕೆ ಧಾರವಾಡದಲ್ಲಿ ಒಬ್ಬ ಮಾರ್ಗದರ್ಶಕ, ಇಥಿಯೋಪಿಯಾದಲ್ಲಿ ಕಡಲೆ ಸಂಶೋಧನೆಯ ಕೇಂದ್ರವಾದ ಬಿಷೋಫ್ಟುವಿನಲ್ಲಿ ಇನ್ನೊಬ್ಬ ಇದ್ದರೆ, ಒಂದೇ ಲೆಕ್ಕ ಎರಡು ಎರೆಭೂಮಿಗಳಲ್ಲಿ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಅದರ ಒಂದು ಕನ್ನಡ ಪ್ರತಿ ಆ ಊರಿನ ರೈತ ಸಂಪರ್ಕ ಕೇಂದ್ರಕ್ಕೂ ಬರಲಿ.